ಮಾಲ್ದೀವ್ಸ್‌ಗೆ 4,850 ಕೋಟಿ: ಇದು ದಾನವೋ ಸಾಲವೋ?

ಪ್ರಶ್ನೆ: 2025ರ ಜುಲೈನಲ್ಲಿ ಭಾರತ ಮಾಲ್ದೀವ್ಸ್‌ಗೆ 4,850 ಕೋಟಿ ರೂಪಾಯಿ ಕೊಟ್ಟಿತು ಎಂದು ಓದಿದೆ. 2022ರಲ್ಲಿ ಶ್ರೀಲಂಕಾಕ್ಕೆ ಸುಮಾರು 4 ಶತಕೋಟಿ ಡಾಲರ್ ಕೊಟ್ಟೆವು ಎನ್ನುತ್ತಾರೆ. ಇತ್ತ ನಮ್ಮ ಮೆಟ್ರೊಗೆ, ಕಾವೇರಿ ಐದನೇ ಹಂತಕ್ಕೆ ಜಪಾನಿನಿಂದ ಸಾಲ ತರುತ್ತೇವೆ. ಇದು ಮನೆಗೆ ಮಾರಿ ಊರಿಗೆ ಉಪಕಾರಿ ಎಂಬಂತಾಗಲಿಲ್ಲವೇ? ಆ ಹಣ ವಾಪಸ್ ಬರುತ್ತದೆಯೇ, ಇಲ್ಲ ಕೊಟ್ಟವನು ಕೋಡಂಗಿಯೇ? ಹೊರಗಿನವರ ದುಡ್ಡಿನಿಂದ ಯಾವ ದೇಶವಾದರೂ ನೆಮ್ಮದಿಗೆ ಬಂದದ್ದುಂಟೇ? (ಓದುಗರೊಬ್ಬರು, ವಿಜಯನಗರ, ಬೆಂಗಳೂರು)

ಉತ್ತರ: ಪತ್ರಿಕೆಗಳು ಈ ಎರಡು ಮೊತ್ತಗಳನ್ನೂ ‘ನೆರವು’ ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತವೆ. ಗೊಂದಲ ಹುಟ್ಟುವುದೇ ಅಲ್ಲಿ. ಒಂದು ದೇಶ ಇನ್ನೊಂದಕ್ಕೆ ಕೊಡುವುದರಲ್ಲಿ ವಾಪಸ್ ಕೇಳದ ಅನುದಾನವಿದೆ, ಕಡಿಮೆ ಬಡ್ಡಿಯ ದೀರ್ಘಾವಧಿ ಸಾಲವಿದೆ, ಕೆಲವೇ ತಿಂಗಳ ಕೈಗಡವಿದೆ, ತರಬೇತಿಯಿದೆ, ಪೊಲೀಸರನ್ನೂ ಸೈನಿಕರನ್ನೂ ಕಳಿಸುವುದಿದೆ. ಮಾಲ್ದೀವ್ಸ್‌ನ 4,850 ಕೋಟಿ ದೀರ್ಘಾವಧಿ ಸಾಲ. ಶ್ರೀಲಂಕಾದ ಮೊತ್ತದಲ್ಲಿ ಬಹುಪಾಲು ಸಾಲ ಮತ್ತು ಕೈಗಡ. ಎರಡನ್ನೂ ದಾನದ ಲೆಕ್ಕಕ್ಕೆ ಹಾಕುವಂತಿಲ್ಲ.

ಮೊದಲು ನಮ್ಮ ತೆರಿಗೆ ಹಣದ ವಿಷಯ. 2025-26ರ ಕೇಂದ್ರ ಬಜೆಟ್‌ನ ಒಟ್ಟು ಗಾತ್ರ ಸುಮಾರು 50.65 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ವಿದೇಶಾಂಗ ಸಚಿವಾಲಯದ ಪಾಲು 20,516 ಕೋಟಿ. ಅಂದರೆ 100 ರೂಪಾಯಿಗೆ 40 ಪೈಸೆ. ರಾಯಭಾರ ಕಚೇರಿಗಳ ಖರ್ಚು, ಪಾಸ್‌ಪೋರ್ಟ್ ಸೇವೆ, ನೆರೆ ದೇಶಗಳ ಅನುದಾನ ಎಲ್ಲವೂ ಈ 40 ಪೈಸೆಯೊಳಗೇ ಬರಬೇಕು. ದೇಶವಾರು ಹಂಚಿಕೆಯಲ್ಲಿ ಭೂತಾನ್‌ಗೆ 2,150 ಕೋಟಿ, ನೇಪಾಳಕ್ಕೆ 700, ಮಾಲ್ದೀವ್ಸ್‌ಗೆ 600, ಶ್ರೀಲಂಕಾಕ್ಕೆ 300 ಕೋಟಿ. ಬೆಂಗಳೂರಿನ ರಸ್ತೆಗುಂಡಿ ಮುಚ್ಚದಿರುವುದಕ್ಕೆ ಕಾರಣ ಹುಡುಕುವವರು ಬೇರೆ ಕಡೆ ನೋಡಬೇಕು.

ಹಾಗಾದರೆ 4,850 ಕೋಟಿ ಎಲ್ಲಿಂದ ಬರುತ್ತದೆ? ಇಂಥ ಸಾಲಕ್ಕೆ ‘ಲೈನ್ ಆಫ್ ಕ್ರೆಡಿಟ್’ ಎನ್ನುತ್ತಾರೆ. ಕೊಡುವುದು ಎಕ್ಸಿಮ್ ಬ್ಯಾಂಕ್, ಅಂದರೆ ರಫ್ತು-ಆಮದಿಗೆ ಸಾಲ ಕೊಡುವ ಕೇಂದ್ರ ಸರ್ಕಾರದ ಬ್ಯಾಂಕ್. ಸಾಲ ಕೇಳುವ ಸರ್ಕಾರ ತನ್ನ ಯೋಜನೆಯ ವಿವರವಾದ ವರದಿಯನ್ನು, ಅಂದರೆ ಡಿಪಿಆರ್ ಅನ್ನು, ನಮ್ಮ ರಾಯಭಾರ ಕಚೇರಿಗೆ ಕೊಡುತ್ತದೆ. ಅದು ವಿದೇಶಾಂಗ ಸಚಿವಾಲಯದಲ್ಲಿ 2012ರಲ್ಲಿ ಆರಂಭವಾದ ಅಭಿವೃದ್ಧಿ ಪಾಲುದಾರಿಕೆ ವಿಭಾಗಕ್ಕೆ, ಅಲ್ಲಿಂದ ಹಣಕಾಸು ಸಚಿವಾಲಯಕ್ಕೆ ಹೋಗುತ್ತದೆ. ಒಪ್ಪಿಗೆ ಸಿಕ್ಕ ಮೇಲೆ ಬ್ಯಾಂಕ್ ಮತ್ತು ಆ ಸರ್ಕಾರ ಕರಾರು ಮಾಡಿಕೊಳ್ಳುತ್ತವೆ, ಟೆಂಡರ್ ಕರೆಯುತ್ತಾರೆ, ಭಾರತದ ಕಂಪನಿಯೊಂದು ಗುತ್ತಿಗೆ ಪಡೆಯುತ್ತದೆ. ಕೆಲಸ ಮುಗಿದಷ್ಟಕ್ಕೆ ಆ ಸರ್ಕಾರ ಬಿಲ್ಲಿಗೆ ಸಹಿ ಹಾಕಿದರೆ, ಎಕ್ಸಿಮ್ ಬ್ಯಾಂಕ್ ನೇರವಾಗಿ ನಮ್ಮ ಕಂಪನಿಗೇ ಹಣ ಪಾವತಿಸುತ್ತದೆ. ಸಾಲ ಪಡೆದ ದೇಶದ ಖಜಾನೆಗೆ ಒಂದು ರೂಪಾಯಿಯೂ ಹೋಗುವುದಿಲ್ಲ. ಅಲ್ಲಿಗೆ ಹೋಗುವುದು ರಸ್ತೆ, ಪಂಪು, ರೈಲು ಹಳಿ. 2015ರ ಮಾರ್ಗಸೂಚಿಯ ಪ್ರಕಾರ ಸರಕು ಮತ್ತು ಸೇವೆಯಲ್ಲಿ ಶೇ 75 ಭಾಗ ಭಾರತದ್ದಾಗಿರಬೇಕು. ಸ್ಥಳೀಯ ಮರಳು, ಜಲ್ಲಿ, ಕೂಲಿ ಹೆಚ್ಚು ಬೇಕಾಗುವ ಕಾಮಗಾರಿಗಳಿಗೆ ಇದರಲ್ಲಿ ಶೇ 10ರವರೆಗೆ ಸಡಿಲಿಕೆ ಸಿಗುತ್ತದೆ.

ನಮ್ಮ ಬಜೆಟ್‌ಗೆ ತಗಲುವುದು ಬಡ್ಡಿಯ ವ್ಯತ್ಯಾಸ ಮಾತ್ರ. ಎಕ್ಸಿಮ್ ಬ್ಯಾಂಕಿಗೆ ಮಾರುಕಟ್ಟೆಯಲ್ಲಿ ಶೇ 5ಕ್ಕೆ ಹಣ ಸಿಕ್ಕಿತು, ಅದು ಶೇ 1.5ಕ್ಕೆ ಸಾಲ ಕೊಟ್ಟಿತು ಎಂದಿಟ್ಟುಕೊಳ್ಳಿ. ನಡುವಿನ ಶೇ 3.5 ಅನ್ನು ಕೇಂದ್ರ ಸರ್ಕಾರ ತುಂಬುತ್ತದೆ, ಸಾಲಕ್ಕೆ ಜಾಮೀನೂ ನಿಲ್ಲುತ್ತದೆ. ಹೀಗೆ ಕೊಟ್ಟ ಸಾಲದಲ್ಲಿ ದಾನದ ಅಂಶ ಎಷ್ಟು ಎಂಬುದನ್ನು ನೀವೇ ಕೂತು ಲೆಕ್ಕ ಹಾಕಬಹುದು. ಅತಿ ಬಡ ದೇಶಗಳಿಗೆ ಆ ಮಾರ್ಗಸೂಚಿ ಇಟ್ಟ ದರ ಶೇ 1.5, ಅವಧಿ 25 ವರ್ಷ, ಮೊದಲ 5 ವರ್ಷ ಅಸಲು ಕಟ್ಟಬೇಕಿಲ್ಲ. 100 ರೂಪಾಯಿ ಸಾಲ ಎಂದುಕೊಂಡರೆ ಮೊದಲ 5 ವರ್ಷ ವರ್ಷಕ್ಕೆ ಒಂದೂವರೆ ರೂಪಾಯಿ ಬಡ್ಡಿ. ಮುಂದಿನ 20 ವರ್ಷ ವರ್ಷಕ್ಕೆ 5 ರೂಪಾಯಿ ಅಸಲು, ಜೊತೆಗೆ ಉಳಿದ ಬಾಕಿಯ ಮೇಲಿನ ಬಡ್ಡಿ. ಈ ಕಂತುಗಳನ್ನೆಲ್ಲ ವರ್ಷಕ್ಕೆ ಶೇ 5ರಂತೆ ಇವತ್ತಿನ ಬೆಲೆಗೆ ಇಳಿಸಿ ಕೂಡಿದರೆ ಸುಮಾರು 64 ರೂಪಾಯಿ ಬರುತ್ತದೆ. ಅಂದರೆ 100ರಲ್ಲಿ 36 ರೂಪಾಯಿ ದಾನ, 64 ಸಾಲ. ಮಾಲ್ದೀವ್ಸ್ ತಲಾ ಆದಾಯ ಹೆಚ್ಚಿರುವ ದೇಶವಾದ್ದರಿಂದ ಈ ಅಗ್ಗದ ದರದ ವರ್ಗಕ್ಕೆ ಸೇರುವುದಿಲ್ಲ. ಆದರೆ ಯಾವ ಸಾಲದ ಷರತ್ತು ಕೈಗೆ ಸಿಕ್ಕರೂ ಲೆಕ್ಕದ ರೀತಿ ಇದೇ.

ಈ ವ್ಯವಸ್ಥೆಯ ದೊಡ್ಡ ಹುಳುಕು ವಿಳಂಬ. ಬಾಂಗ್ಲಾದೇಶಕ್ಕೆ 2010, 2016, 2017ರಲ್ಲಿ ಮೂರು ಸಾಲಗಳಾದವು. ಕೊನೆಯದೊಂದೇ 4.5 ಶತಕೋಟಿ ಡಾಲರ್. 2024ರ ಹೊತ್ತಿಗೂ ಮೂರೂ ಸೇರಿ ನಿಜವಾಗಿ ಬಳಕೆಯಾದದ್ದು ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಭೂಸ್ವಾಧೀನ ಅಲ್ಲಿ ಆಗಬೇಕು. ಟೆಂಡರ್ ದಾಖಲೆಗೆ ಎರಡೂ ಕಡೆ ಒಪ್ಪಿಗೆ ಬೇಕು. ಭಾರತದ ಕಂಪನಿಗಳಷ್ಟೇ ಬರುವುದರಿಂದ ಬಿಡ್‌ಗಳು ಕಡಿಮೆ, ದರ ಅಂದಾಜಿಗಿಂತ ಮೇಲೆ. ಮರುಟೆಂಡರ್ ಕರೆಯುವಷ್ಟರಲ್ಲಿ ಡಿಪಿಆರ್‌ನ ದರಪಟ್ಟಿಯೇ ಹಳತಾಗಿರುತ್ತದೆ. ಪ್ರಕಟಣೆಯ ದಿನದ ಮೊತ್ತವನ್ನು ನಂಬಬಾರದು ಎನ್ನುವುದು ಇದಕ್ಕೇ. ಎಷ್ಟು ಘೋಷಣೆಯಾಯಿತು ಎಂಬುದಕ್ಕಿಂತ ಯಾವ ಷರತ್ತಿನ ಮೇಲೆ, ಯಾವ ನಾಣ್ಯದಲ್ಲಿ, ಕೊನೆಗೆ ಯಾರು ನಡೆಸಿಕೊಂಡು ಹೋಗಬೇಕು ಎಂಬುದೇ ಫಲವನ್ನು ತೀರ್ಮಾನಿಸುತ್ತದೆ. ನಿಮ್ಮ ಮೂರೂ ಪ್ರಶ್ನೆಗಳಿಗೆ ಉತ್ತರ ಇದರೊಳಗೇ ಇದೆ.

ನಾವೇ ಸಾಲಗಾರರಾಗಿ ಇನ್ನೊಬ್ಬರಿಗೆ ಸಾಲ ಕೊಡುವುದರಲ್ಲಿ ವಿರೋಧಾಭಾಸವೇನೂ ಇಲ್ಲ. ನಮ್ಮ ಮೆಟ್ರೊಗೆ ಜಪಾನ್ ಮತ್ತು ಫ್ರಾನ್ಸಿನ ಸರ್ಕಾರಿ ನೆರವು ಸಂಸ್ಥೆಗಳಾದ ಜೈಕಾ, ಎಎಫ್‌ಡಿ ಮತ್ತು ಯುರೋಪಿಯನ್ ಇನ್ವೆಸ್ಟ್‌ಮೆಂಟ್ ಬ್ಯಾಂಕ್ ಸಾಲ ಕೊಟ್ಟಿವೆ. ವಿಮಾನ ನಿಲ್ದಾಣದ ಕಡೆಯ ಮಾರ್ಗವೂ ಸೇರಿದ 2ಎ, 2ಬಿ ಹಂತಕ್ಕೆ ಏಷ್ಯಾ ಅಭಿವೃದ್ಧಿ ಬ್ಯಾಂಕಿನ 50 ಕೋಟಿ ಡಾಲರ್ ಸಾಲಕ್ಕೆ 2021ರಲ್ಲಿ ಸಹಿಯಾಯಿತು. 110 ಹಳ್ಳಿಗಳಿಗೆ ದಿನಕ್ಕೆ 775 ದಶಲಕ್ಷ ಲೀಟರ್ ನೀರು ತರುವ ಕಾವೇರಿ ಐದನೇ ಹಂತ ಜೈಕಾ ಸಾಲದ್ದು. ಇವೆಲ್ಲ ದೀರ್ಘಾವಧಿಯ ಆಸ್ತಿಗಳು. ಮೂವತ್ತು ವರ್ಷ ಬಾಳುವ ಸುರಂಗಕ್ಕೆ ಒಂದೇ ವರ್ಷದ ತೆರಿಗೆಯಿಂದ ಹಣ ಕೊಡುವುದು ಜಾಣತನವಲ್ಲ. ಆದರೆ ಒಂದು ಅಪಾಯ ಗಮನಿಸಿ: ಸಾಲ ಯೆನ್, ಯೂರೊ, ಡಾಲರ್‌ನಲ್ಲಿ, ಟಿಕೆಟ್ಟಿನ ಆದಾಯ ರೂಪಾಯಿಯಲ್ಲಿ. ರೂಪಾಯಿ ಕುಸಿದಷ್ಟೂ ಕಂತು ಭಾರ. ಭಾರತದಂಥ ದೊಡ್ಡ ಆರ್ಥಿಕತೆ ಇದನ್ನು ತಾಳಿಕೊಳ್ಳುತ್ತದೆ. ಶ್ರೀಲಂಕಾಕ್ಕೆ ಆಗಲಿಲ್ಲ.

ಶ್ರೀಲಂಕಾದ ಕಥೆಯಲ್ಲಿ ಎಲ್ಲರ ಬಾಯಲ್ಲೂ ಬರುವುದು ಹಂಬನ್‌ತೋಟ ಬಂದರು ಮತ್ತು ಚೀನಾ. ಸಾಲ ತೀರಿಸಲಾಗದೆ ಬಂದರನ್ನು ಚೀನಾ ಕಿತ್ತುಕೊಂಡಿತು ಎಂಬ ಮಾತು ಸರಿಯಲ್ಲ. 2017ರಲ್ಲಿ ಚೀನಾದ ಕಂಪನಿಯೊಂದಕ್ಕೆ 99 ವರ್ಷ ಗುತ್ತಿಗೆ ಕೊಟ್ಟು ಶ್ರೀಲಂಕಾ 1.12 ಶತಕೋಟಿ ಡಾಲರ್ ಪಡೆಯಿತು. ಬಂದರಿನ ಸಾಲ ಹಾಗೆಯೇ ಉಳಿಯಿತು. ನಿಜವಾದ ಹೊರೆ, ಮಾರುಕಟ್ಟೆಯಲ್ಲಿ ಹೆಚ್ಚಿನ ಬಡ್ಡಿಗೆ ಮಾರಿದ ಡಾಲರ್ ಬಾಂಡ್‌ಗಳು. ಅವುಗಳ ಅಸಲನ್ನು ಒಂದೇ ದಿನ ಇಡಿಯಾಗಿ ಕಟ್ಟಬೇಕು. ಕೋವಿಡ್‌ನಲ್ಲಿ ಪ್ರವಾಸೋದ್ಯಮ ನಿಂತಿತು, ತೆರಿಗೆ ಕಡಿತದಿಂದ ಖಜಾನೆ ಬರಿದಾಗಿತ್ತು, ರಾಸಾಯನಿಕ ಗೊಬ್ಬರದ ನಿಷೇಧದಿಂದ ಬೆಳೆ ಬಿದ್ದಿತು. 2022ರ ಏಪ್ರಿಲ್ 12ರಂದು ವಿದೇಶಿ ಸಾಲ ಪಾವತಿಯನ್ನೇ ನಿಲ್ಲಿಸಿದರು. ಮೇ ತಿಂಗಳಲ್ಲಿ ಬಳಸಬಹುದಾದ ವಿದೇಶಿ ವಿನಿಮಯ 5 ಕೋಟಿ ಡಾಲರ್‌ಗಿಂತ ಕಡಿಮೆ ಎಂದು ಅವರ ಹಣಕಾಸು ಸಚಿವರೇ ಹೇಳಿದರು. ಸೆಪ್ಟೆಂಬರ್‌ನಲ್ಲಿ ಹಣದುಬ್ಬರ ಶೇ 70ರ ಹತ್ತಿರ.

ಆಗ ಭಾರತ ಕೊಟ್ಟದ್ದರ ಕ್ರಮ ನೋಡಿ. ಜನವರಿಯಲ್ಲಿ ರಿಸರ್ವ್ ಬ್ಯಾಂಕಿನಿಂದ 40 ಕೋಟಿ ಡಾಲರ್ ಕರೆನ್ಸಿ ಸ್ವಾಪ್. ಇದು ಅವರ ರೂಪಾಯಿ ಒತ್ತೆ ಇಟ್ಟುಕೊಂಡು ಕೊಡುವ ಕೈಗಡ. ಏಷ್ಯಾದ ಕೆಲವು ದೇಶಗಳು ತಮ್ಮ ವ್ಯಾಪಾರದ ಲೆಕ್ಕ ತೀರಿಸಿಕೊಳ್ಳುವ ಏಷ್ಯಾ ಕ್ಲಿಯರಿಂಗ್ ಯೂನಿಯನ್ ಮೂಲಕ ನಮಗೆ ಬರಬೇಕಿದ್ದ ಬಾಕಿಗೆ ವಾಯಿದೆ ಕೊಟ್ಟೆವು. ಫೆಬ್ರವರಿಯಲ್ಲಿ ಪೆಟ್ರೋಲ್, ಡೀಸೆಲ್‌ಗೆಂದೇ ಎಕ್ಸಿಮ್ ಬ್ಯಾಂಕಿನ 50 ಕೋಟಿ ಡಾಲರ್. ಮಾರ್ಚ್‌ನಲ್ಲಿ ಅಕ್ಕಿ, ಔಷಧಿ ಮುಂತಾದ ಅಗತ್ಯ ವಸ್ತುಗಳಿಗೆ ಸ್ಟೇಟ್ ಬ್ಯಾಂಕಿನ 100 ಕೋಟಿ ಡಾಲರ್. ಜೀವ ಉಳಿಸುವ ಹೊತ್ತಿನಲ್ಲಿ ಸುಧಾರಣೆಯ ಷರತ್ತು ಹಾಕುತ್ತಾ ಕೂರಲಾಗದು, ಆದ್ದರಿಂದ ಇದು ಬೇಗ ಸಾಗಿತು. ಷರತ್ತಿನ ಕೆಲಸ ಮಾಡಿದ್ದು ಅಂತರರಾಷ್ಟ್ರೀಯ ಹಣಕಾಸು ನಿಧಿ, ಅಂದರೆ ಐಎಂಎಫ್. ಅದು 2023ರ ಮಾರ್ಚ್ 20ರಂದು ಒಪ್ಪಿದ್ದು ನಾಲ್ಕು ವರ್ಷಕ್ಕೆ ಸುಮಾರು 3 ಶತಕೋಟಿ ಡಾಲರ್, ಅದೂ ಕಂತುಗಳಲ್ಲಿ. ತೆರಿಗೆ, ವಿದ್ಯುತ್ ದರ, ಕೇಂದ್ರ ಬ್ಯಾಂಕಿನ ಸ್ವಾಯತ್ತತೆ ಎಲ್ಲವನ್ನೂ ಪರಿಶೀಲಿಸಿದ ಮೇಲೆಯೇ ಮುಂದಿನ ಕಂತು. ಅದಕ್ಕೂ ಮುಂಚೆ ಸಾಲಕೊಟ್ಟ ದೇಶಗಳು ತಮ್ಮ ಸಾಲವನ್ನು ಮರುಹೊಂದಿಸಲು ಸಿದ್ಧ ಎಂದು ಲಿಖಿತ ಭರವಸೆ ಕೊಡಬೇಕಿತ್ತು. 2023ರ ಜನವರಿಯಲ್ಲಿ ಮೊದಲು ಕೊಟ್ಟದ್ದು ಭಾರತ. ನನ್ನ ದೃಷ್ಟಿಯಲ್ಲಿ ಆ ಒಂದು ಪತ್ರದ ಬೆಲೆ ಅದಕ್ಕೂ ಹಿಂದೆ ಹೋದ ಡೀಸೆಲ್ ಹಡಗುಗಳಿಗಿಂತ ಕಡಿಮೆಯಲ್ಲ. ಅಂಥ ಭರವಸೆಗಳಿಲ್ಲದೆ ಐಎಂಎಫ್ ಬಾಗಿಲು ತೆರೆಯುತ್ತಿರಲಿಲ್ಲ.

ಹೊರಗಿನ ನೆರವಿನಿಂದ ನೆಮ್ಮದಿ ಬಂದದ್ದುಂಟೇ ಎಂದು ಕೇಳಿದ್ದೀರಿ. ಅದಕ್ಕೂ ಶ್ರೀಲಂಕಾದಲ್ಲೇ ಒಳ್ಳೆಯ ಉದಾಹರಣೆ ಇದೆ, ಆದರೆ ಅದು 2022ರದ್ದಲ್ಲ. 2009ರಲ್ಲಿ ಅಂತರ್ಯುದ್ಧ ಮುಗಿದಾಗ ಉತ್ತರದ ಹೊಲ, ತೋಟ, ಬಾವಿಕಟ್ಟೆಗಳ ಸುತ್ತ ನೆಲಬಾಂಬುಗಳಿದ್ದವು. ಜನ ಶಿಬಿರದಲ್ಲಿದ್ದರು. ಇಂಥಲ್ಲಿ ಮೊದಲು ಮನೆಗೆ ಹಣ ಕೊಟ್ಟರೆ ಅದು ವ್ಯರ್ಥ. ಮೊದಲು ಸರ್ವೆ, ಆಮೇಲೆ ಬಾಂಬು ತೆಗೆಯುವುದು, ಆಮೇಲೆ ಈ ಜಾಗ ಸುರಕ್ಷಿತ ಎಂಬ ಪ್ರಮಾಣಪತ್ರ, ಆಮೇಲಷ್ಟೇ ಜನ ಮರಳುವುದು. ಕೈಯಿಂದ ತೆಗೆಯುವಾಗ ಒಬ್ಬ ಕೆಲಸಗಾರ ದಿನಕ್ಕೆ ತೆರವು ಮಾಡುವುದು ಕೆಲವೇ ಚದರ ಮೀಟರ್. ಅವಸರ ಮಾಡಿದರೆ ಮಕ್ಕಳ ಕಾಲು ಹೋಗುತ್ತದೆ. ಭಾರತ ತನ್ನ ಖರ್ಚಿನಲ್ಲಿ ಏಳು ತಂಡಗಳನ್ನು ಈ ಕೆಲಸಕ್ಕೆ ಹಚ್ಚಿತು.

ಮನೆಗಳು ಬಂದದ್ದು ಆಮೇಲೆ. 50,000 ಮನೆಗಳ ಅನುದಾನ ಯೋಜನೆಯಲ್ಲಿ ಮೊದಲ 1,000 ಮನೆಗಳನ್ನು ಪ್ರಾಯೋಗಿಕವಾಗಿ ಕಟ್ಟಿಸಿ 2012ರ ಜುಲೈಗೆ ಮುಗಿಸಿದರು. ಅದೇ ಅಕ್ಟೋಬರ್ 2ರಂದು ಶುರುವಾದ ಎರಡನೇ ಹಂತದಲ್ಲಿ, ಉತ್ತರ ಮತ್ತು ಪೂರ್ವದ 45,000 ಮನೆಗಳಿಗೆ, ಕ್ರಮವೇ ಬೇರೆಯಾಯಿತು. ಮನೆಯವರೇ ಕಟ್ಟಿಕೊಳ್ಳಬೇಕು, ಹೊಸ ಮನೆಗೆ 5,50,000 ಲಂಕಾ ರೂಪಾಯಿ, ದುರಸ್ತಿಗೆ 2,50,000, ಕೆಲಸ ಏರಿದ ಹಾಗೆ ಹಂತಹಂತವಾಗಿ ನೇರ ಅವರ ಬ್ಯಾಂಕ್ ಖಾತೆಗೆ. ನಮ್ಮಲ್ಲಿ ಬಡವರ ವಸತಿ ಯೋಜನೆಗಳಲ್ಲಿ ಪಾಯ, ಲಿಂಟಲ್, ಚಾವಣಿ ಎಂದು ಫೋಟೊ ತೆಗೆಸಿ ಕಂತು ಬಿಡುಗಡೆ ಮಾಡುತ್ತಾರಲ್ಲ, ಅದೇ ರೀತಿ. ಇದರಿಂದ ಮೇಸ್ತ್ರಿ, ಇಟ್ಟಿಗೆ ಗೂಡು, ಮರಗೆಲಸ ಎಲ್ಲ ಸ್ಥಳೀಯರದ್ದೇ ಆಯಿತು. ಕಟ್ಟಡ ಸೋರಿದರೆ ದೂರುವುದಕ್ಕೆ ಗುತ್ತಿಗೆದಾರನಿಲ್ಲ, ಹಾಗಾಗಿ ಮಾಲೀಕರೇ ಸಿಮೆಂಟಿನ ಪ್ರಮಾಣ ನೋಡಿಕೊಂಡರು.

ತೊಂದರೆಯೂ ಇತ್ತು, ಅದನ್ನು ಮುಚ್ಚಿಡಬಾರದು. ಸಾವಿರಾರು ಮನೆ ಒಟ್ಟಿಗೇ ಎದ್ದಾಗ ಮರಳು, ಇಟ್ಟಿಗೆ, ಮೇಸ್ತ್ರಿ ಕೂಲಿ ಎಲ್ಲದರ ದರ ಏರಿತು. ಸುಮಾರು 550 ಚದರ ಅಡಿಯ ನಕ್ಷೆಗೆ ಲೆಕ್ಕ ಹಾಕಿದ ಹಣ. ಮಗಳ ಮದುವೆಗೆ ಇರಲಿ ಎಂದು ಒಂದು ಕೋಣೆ ಜಾಸ್ತಿ ಹಾಕಿದವರು ಒಡವೆ ಅಡವಿಟ್ಟು ಸಾಲಕ್ಕೆ ಬಿದ್ದರು. ಗಂಡನನ್ನು ಯುದ್ಧದಲ್ಲಿ ಕಳೆದುಕೊಂಡ ಹೆಂಗಸರಿಗೆ, ವೃದ್ಧರಿಗೆ ತಾವೇ ನಿಂತು ಕಟ್ಟಿಸುವುದು ಸುಲಭವಿರಲಿಲ್ಲ. ಇಂಥವರಿಗೆ ತಾಂತ್ರಿಕ ಸಹಾಯಕರು ಜೊತೆಗಿರಬೇಕು. ಬೇರೆಲ್ಲಾದರೂ ಈ ಮಾದರಿ ಅನುಸರಿಸುವವರು ದರ ಏರಿಕೆಗೆ ಮೊದಲೇ ಒಂದಿಷ್ಟು ಹಣ ಮೀಸಲಿಡಬೇಕು, ಒಂದೇ ಊರಿನ ಎಲ್ಲ ಮನೆಗಳನ್ನೂ ಒಂದೇ ತಿಂಗಳು ಶುರು ಮಾಡಬಾರದು.

ಮನೆಯಿದ್ದರೆ ಸಾಲದು, ಬೆಳೆದ ಈರುಳ್ಳಿ ಪೇಟೆಗೆ ಹೋಗಬೇಕು. 1990ರಿಂದ ನಿಂತಿದ್ದ ಜಾಫ್ನಾ ರೈಲನ್ನು ಭಾರತದ ಸಾಲದಲ್ಲಿ ನಮ್ಮ ರೈಲ್ವೆಯ ನಿರ್ಮಾಣ ಕಂಪನಿ ಇರ್ಕಾನ್ ಮತ್ತೆ ಹಳಿಯ ಮೇಲೆ ತಂದಿತು. 2014ರ ಅಕ್ಟೋಬರ್ 13ರಂದು ರೈಲು ಜಾಫ್ನಾ ತಲುಪಿತು. ಬಾಂಬು ತೆಗೆಯುವುದು ಮತ್ತು ಮನೆ ಅನುದಾನದಲ್ಲಿ, ರೈಲು ಸಾಲದಲ್ಲಿ. ಈ ವಿಂಗಡಣೆ ಸರಿಯಾದದ್ದು. ಆದಾಯ ತರದ ಕೆಲಸಕ್ಕೆ ಸಾಲ ಹೊರಿಸಬಾರದು.

ಆದಾಯ ತರುವ ಕೆಲಸಕ್ಕೆ ಭೂತಾನಿನ ಚುಖಾ ಜಲವಿದ್ಯುತ್ ಯೋಜನೆಗಿಂತ ಚೆಂದದ ಉದಾಹರಣೆ ಸಿಗಲಾರದು. 336 ಮೆಗಾವಾಟ್, ವೆಚ್ಚದ ಶೇ 60 ಅನುದಾನ, ಶೇ 40 ಸಾಲ, ಬಡ್ಡಿ ಶೇ 5. 1986ರಿಂದ 88ರ ನಡುವೆ ಘಟಕಗಳು ಚಾಲೂ ಆದವು. ಹೆಚ್ಚುವರಿ ವಿದ್ಯುತ್ತನ್ನು ಭಾರತವೇ ಕೊಳ್ಳುತ್ತದೆ. ಭೂತಾನಿನ ನಾಣ್ಯ ನುಲ್ಟ್ರಮ್‌ನ ಬೆಲೆ ನಮ್ಮ ರೂಪಾಯಿಗೆ ಸಮ. ಸಾಲ ರೂಪಾಯಿಯಲ್ಲಿ, ಆದಾಯ ರೂಪಾಯಿಯಲ್ಲಿ, ಕೊಳ್ಳುವವನು ಪಕ್ಕದಲ್ಲೇ. ಡಾಲರ್ ಏರಿದರೂ ಇಳಿದರೂ ಕಂತಿಗೆ ತಟ್ಟುವುದಿಲ್ಲ. ಮುಂದೆ ಷರತ್ತು ಬಿಗಿಯಾಯಿತು: 720 ಮೆಗಾವಾಟ್‌ನ ಮಾಂಗ್ದೆಛು ಹೊತ್ತಿಗೆ ಅನುದಾನ ಶೇ 30ಕ್ಕೆ ಇಳಿದು ಸಾಲ ಶೇ 70 ಆಯಿತು, ಬಡ್ಡಿ ಶೇ 10. ಅದು 2019ರಲ್ಲಿ ಉದ್ಘಾಟನೆಯಾಗಿ ದುಡಿಯುತ್ತಿದೆ. ಆದರೆ 1,200 ಮೆಗಾವಾಟ್‌ನ ಪುನಾತ್ಸಾಂಗ್‌ಛು-1ರಲ್ಲಿ, ಅಣೆಕಟ್ಟಿನ ಬಲದಂಡೆಯ ಗುಡ್ಡ 2013ರಲ್ಲಿ ಜಾರಿತು. ಭೂಗರ್ಭ ಪರೀಕ್ಷೆ ಸಾಲದೆ ಹೋದ ಕಡೆ ಬಡ್ಡಿ ಮಾತ್ರ ಬೆಳೆಯುತ್ತದೆ. ಅಲ್ಲಿನ ವೆಚ್ಚ ಮೊದಲ ಅಂದಾಜಿನ ಎರಡೂವರೆ ಪಟ್ಟು ದಾಟಿತು. ಹಿಮಾಲಯದಲ್ಲಿ ಕೊರೆತದ ಮಾದರಿಗಳಿಗೆ ಇನ್ನೊಂದು ವರ್ಷ ಕೊಡುವುದು ದುಂದಲ್ಲ.

ಭದ್ರತೆಯ ವಿಷಯಕ್ಕೆ ಬಂದರೆ, ವಿಶ್ವಸಂಸ್ಥೆಯ ಶಾಂತಿಪಾಲನೆ ಬಹಳ ಜನಕ್ಕೆ ತಿಳಿಯದ ರೀತಿಯಲ್ಲಿ ನಡೆಯುತ್ತದೆ. ಸೈನಿಕರಿಗೆ ಸಂಬಳ ಕೊಡುವುದು ಅವರವರ ದೇಶ. ವಿಶ್ವಸಂಸ್ಥೆ ಆ ದೇಶಕ್ಕೆ ತಲೆಗೆ, ತಿಂಗಳಿಗೆ ಇಷ್ಟು ಎಂದು ಮರುಪಾವತಿ ಮಾಡುತ್ತದೆ. 2018ರಲ್ಲಿ ಆ ದರ 1,428 ಡಾಲರ್. ವಾಹನ, ಜನರೇಟರ್‌ಗೆ ಬೇರೆ ಬಾಡಿಗೆ; ಪರಿಶೀಲನೆಯ ದಿನ ಗಾಡಿ ಕೆಟ್ಟು ನಿಂತಿದ್ದರೆ ಬಾಡಿಗೆ ಕಡಿತ. ಸದಸ್ಯ ದೇಶಗಳು ವಂತಿಗೆ ತಡಮಾಡಿದಾಗ ಈ ಮರುಪಾವತಿ ಬಾಕಿ ಉಳಿಯುತ್ತದೆ, ಅದರ ಭಾರ ಭಾರತದಂಥ ಪಡೆ ಕಳಿಸುವ ದೇಶಗಳ ಮೇಲೆ. 2007ರಲ್ಲಿ ಲೈಬೀರಿಯಾಕ್ಕೆ ಹೋದ ಸಿಆರ್‌ಪಿಎಫ್ ಮಹಿಳಾ ತುಕಡಿ, ಶಾಂತಿಪಾಲನೆಯ ಇತಿಹಾಸದಲ್ಲೇ ಮೊದಲ ಸಂಪೂರ್ಣ ಮಹಿಳಾ ಪೊಲೀಸ್ ಘಟಕ, ವರ್ಷಕ್ಕೊಮ್ಮೆ ಬದಲಾಗುತ್ತ 2016ರವರೆಗೆ ಅಲ್ಲಿತ್ತು. ಆ ದೇಶದ ಭದ್ರತಾ ಇಲಾಖೆಗಳಲ್ಲಿ ಮಹಿಳೆಯರ ಪಾಲು ಶೇ 6ರಿಂದ 17ಕ್ಕೆ ಏರಿದ್ದನ್ನು ವಿಶ್ವಸಂಸ್ಥೆಯೇ ದಾಖಲಿಸಿದೆ. ಸಮವಸ್ತ್ರದ ಹೆಂಗಸನ್ನು ದಿನಾ ಬೀದಿಯಲ್ಲಿ ನೋಡಿದ ಹುಡುಗಿಯರು ಪೊಲೀಸ್ ಆಗಲು ಮುಂದೆ ಬಂದರು. ಕೋಟಿಗಟ್ಟಲೆ ಉಪಕರಣದಿಂದ ಇದು ಆಗುವಂಥದ್ದಲ್ಲ.

ಉಪಕರಣ ಕೊಟ್ಟಾಗ ಏನಾಗುತ್ತದೆ ಎನ್ನಲು ಬೆಂಗಳೂರಿನದ್ದೇ ಉದಾಹರಣೆ: ಎಚ್‌ಎಎಲ್‌ನ ಧ್ರುವ್ ಹೆಲಿಕಾಪ್ಟರ್. ಭಾರತ ಮಾಲ್ದೀವ್ಸ್‌ಗೆ ಎರಡು ಧ್ರುವ್ ಕೊಟ್ಟಿತು. ದೂರದ ದ್ವೀಪದ ಬಸುರಿಯರನ್ನು, ಹೃದಯಾಘಾತವಾದವರನ್ನು ಮಾಲೆಗೆ ಕರೆತರಲು ಅವು ನಿಜಕ್ಕೂ ಆಸರೆಯಾದವು. ಆದರೆ ಹಾರಿಸುವವರು, ರಿಪೇರಿ ಮಾಡುವವರು ನಮ್ಮ ಸೈನಿಕರು. ಅದೇ ಅಲ್ಲಿನ ಚುನಾವಣೆಯ ವಿಷಯವಾಯಿತು. 2024ರ ಮೇ 10ರೊಳಗೆ ಸೈನಿಕರು ಹಿಂದಿರುಗಿದರು, ಅವರ ಜಾಗಕ್ಕೆ ಸೈನ್ಯದವರಲ್ಲದ ತಂತ್ರಜ್ಞರು ಹೋದರು. ಕೊಟ್ಟ ವಿಮಾನಗಳನ್ನು ಹಾರಿಸಬಲ್ಲವರು ತಮ್ಮ ಪಡೆಯಲ್ಲಿ ಇನ್ನೂ ಇಲ್ಲ ಎಂದು ಅಲ್ಲಿನ ರಕ್ಷಣಾ ಸಚಿವರು ಆಗ ಒಪ್ಪಿಕೊಂಡರು. ಯಂತ್ರ ಕೊಡುವ ದಿನವೇ ಸ್ಥಳೀಯ ಪೈಲಟ್ ಮತ್ತು ಮೆಕ್ಯಾನಿಕ್‌ಗಳ ತರಬೇತಿ ಶುರುವಾಗಬೇಕು, ನಮ್ಮವರು ವಾಪಸಾಗುವ ತಾರೀಖೂ ಕರಾರಿನಲ್ಲಿರಬೇಕು. ಇದೇ ತಪ್ಪಿನ ದೈತ್ಯ ರೂಪ ಅಫ್ಘಾನಿಸ್ತಾನ. ಅಮೆರಿಕ ಪುನರ್ನಿರ್ಮಾಣಕ್ಕೆ ಸುಮಾರು 145 ಶತಕೋಟಿ ಡಾಲರ್ ಸುರಿಯಿತು, ಅರ್ಧಕ್ಕಿಂತ ಹೆಚ್ಚು ಭದ್ರತಾ ಪಡೆಗೆ. ವಿಮಾನಗಳ ರಿಪೇರಿ ವಿದೇಶಿ ಗುತ್ತಿಗೆದಾರರ ಕೈಯಲ್ಲಿತ್ತು. ಅವರು ಹೊರಟಾಗ ವಿಮಾನಗಳು ನೆಲಕ್ಕಂಟಿದವು. ಹಾಜರಿ ಪುಸ್ತಕದಲ್ಲಿದ್ದ ಸೈನಿಕರಲ್ಲಿ ಎಷ್ಟೋ ಮಂದಿ ಬರೀ ಹೆಸರುಗಳು.

ತರಬೇತಿ ಅಗ್ಗ, ಸುದ್ದಿಯಾಗುವುದಿಲ್ಲ, ಹೆಚ್ಚು ಬಾಳುತ್ತದೆ. ಬೇರೆ ದೇಶಗಳವರಿಗೆ ತರಬೇತಿ ಕೊಡುವ, 1964ರಿಂದ ನಡೆಯುತ್ತಿರುವ ಐಟೆಕ್ ಕಾರ್ಯಕ್ರಮದಲ್ಲಿ ವಿಮಾನದ ಟಿಕೆಟ್ಟಿನಿಂದ ಊಟದ ಭತ್ಯೆವರೆಗೆ ಭಾರತವೇ ಭರಿಸುತ್ತದೆ. ಇಸ್ರೊ 2019ರಲ್ಲಿ ನಮ್ಮ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಆರಂಭಿಸಿದ ಉನ್ನತಿ ತರಬೇತಿಯಲ್ಲಿ ಬೇರೆ ದೇಶಗಳ ಎಂಜಿನಿಯರ್‌ಗಳು ಪುಟ್ಟ ಉಪಗ್ರಹ ಜೋಡಿಸುವುದನ್ನು ಕಲಿತರು.

ಕೊನೆಗೆ ನಿಮ್ಮ ಕೋಡಂಗಿಯ ಪ್ರಶ್ನೆ. ಹಣ ಬಹುಪಾಲು ವಾಪಸ್ ಬರುತ್ತದೆ, ಆದರೆ ಹೇಳಿದ ದಿನಕ್ಕೇ ಬರುತ್ತದೆ ಎನ್ನುವಂತಿಲ್ಲ. ಸಾಲಗಾರ ದೇಶದ ಆಸ್ತಿ ಜಪ್ತಿ ಮಾಡಲು ಯಾವ ಅಮೀನನೂ ಇಲ್ಲ. ಆಗುವುದು ಕಂತು ಮರುಹೊಂದಿಸುವ ಮಾತುಕತೆ. ಶ್ರೀಲಂಕಾದ ವಿಷಯದಲ್ಲಿ ಭಾರತ, ಜಪಾನ್, ಫ್ರಾನ್ಸ್ ಸೇರಿ ಸಮಿತಿ ನಡೆಸಿ 2024ರ ಜೂನ್‌ನಲ್ಲಿ 5.8 ಶತಕೋಟಿ ಡಾಲರ್ ಸಾಲಕ್ಕೆ ಹೊಸ ಅವಧಿ ಒಪ್ಪಿದವು. 10 ಕೋಟಿ ಡಾಲರ್‌ಗೂ ಮಿಕ್ಕ ಸಾಲವನ್ನು ಅನುದಾನವಾಗಿ ಬದಲಿಸಿದ್ದಾಗಿ ಭಾರತ 2025ರ ಏಪ್ರಿಲ್‌ನಲ್ಲಿ ಹೇಳಿತು. ಮಾಲ್ದೀವ್ಸ್‌ಗೆ ನೀವು ಓದಿದ 4,850 ಕೋಟಿಯ ಜೊತೆಗೇ, ಹಳೆಯ ಸಾಲದ ವಾರ್ಷಿಕ ಕಂತನ್ನು 5.1 ಕೋಟಿ ಡಾಲರ್‌ನಿಂದ 2.9 ಕೋಟಿಗೆ ಇಳಿಸಲಾಯಿತು. ಹೊಸ ಸಾಲ ಡಾಲರ್‌ನಲ್ಲಲ್ಲ, ರೂಪಾಯಿಯಲ್ಲಿ. ಡಾಲರ್‌ಗೆ ಪರದಾಡುವ ದೇಶಕ್ಕೆ ಇದು ಮೊತ್ತಕ್ಕಿಂತ ದೊಡ್ಡ ಅನುಕೂಲ. ಪತ್ರಿಕೆಯ ತಲೆಬರಹದಲ್ಲಿ ಇದು ಬರಲಿಲ್ಲ. ಎಕ್ಸಿಮ್ ಬ್ಯಾಂಕ್ ತನ್ನ ಜಾಲತಾಣದಲ್ಲಿ ಚಾಲ್ತಿಯಲ್ಲಿರುವ ಲೈನ್ ಆಫ್ ಕ್ರೆಡಿಟ್‌ಗಳ ಪಟ್ಟಿ ಹಾಕುತ್ತದೆ, ಬಜೆಟ್ ದಾಖಲೆಯ ವಿದೇಶಾಂಗ ಸಚಿವಾಲಯದ ಬೇಡಿಕೆ ಪಟ್ಟಿಯಲ್ಲಿ ದೇಶವಾರು ಅನುದಾನ ಇರುತ್ತದೆ. ಫೆಬ್ರವರಿ 1ರ ಸಂಜೆಯೇ ಅದನ್ನು ತೆರೆದು, ಹಿಂದಿನ ವರ್ಷದ ಅಂದಾಜನ್ನೂ ಪರಿಷ್ಕೃತ ಅಂದಾಜನ್ನೂ ಪಕ್ಕಪಕ್ಕ ಇಟ್ಟು ನೋಡಿ. ಯಾವ ದೇಶದ ಅಂಕಿ ಅರ್ಧಕ್ಕೆ ಇಳಿದಿದೆಯೋ ಅಲ್ಲಿ ಒಂದು ಯೋಜನೆ ಎಲ್ಲೋ ಸಿಕ್ಕಿಬಿದ್ದಿರುವ ಸಾಧ್ಯತೆ ಹೆಚ್ಚು.